ಪಥ್ಯ ಹೆಚ್ಚಿದಷ್ಟೂ ಗುಣವೇ?

ಮಗುವಿನ ಕಾಯಿಲೆಗೆ ಊಟವೇ ಕಾರಣ ಎಂದು ಗೊತ್ತಾದ ಮನೆಯಲ್ಲಿ ಪಥ್ಯ ದಿನದಿಂದ ದಿನಕ್ಕೆ ಬಿಗಿಯಾಗುತ್ತದೆ. ಹಾಲು ಬಿಟ್ಟರೆ ಸಾಲದು ಅನ್ನಿಸುತ್ತದೆ. ಗೋಧಿ ಬಿಡಿಸುತ್ತಾರೆ, ಮೊಟ್ಟೆ ಬಿಡಿಸುತ್ತಾರೆ. ಕಡಲೆಕಾಯಿ, ಸೋಯಾ, ಎಳ್ಳು ಎನ್ನುತ್ತಾ ಪಟ್ಟಿ ಕೊನೆಗೆ ಬದನೆಕಾಯಿ, ಬಾಳೆಹಣ್ಣಿನವರೆಗೂ ಬೆಳೆಯುತ್ತದೆ. ಇದರ ಹಿಂದಿರುವ ಪ್ರೀತಿ, ಭಯ ಎರಡೂ ನಿಜವಾದವು. ಜೊತೆಗೊಂದು ನಂಬಿಕೆಯೂ ಇದೆ: ಪಥ್ಯ ಎಷ್ಟು ಕಟ್ಟುನಿಟ್ಟೋ ಗುಣ ಅಷ್ಟು ಖಚಿತ. ಮಕ್ಕಳ ಅನ್ನನಾಳಕ್ಕೆ ಬರುವ ಅಲರ್ಜಿ ಉರಿಯೂತದ ಮಟ್ಟಿಗೆ ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಹೆತ್ತವರಷ್ಟೇ ಅಲ್ಲ, ಎಷ್ಟೋ ವೈದ್ಯರೂ ಇದನ್ನು ನಂಬಿದ್ದಾರೆ. ಹಾಗೆ ನಂಬುವುದಕ್ಕೆ ಒಂದು ಕಾಲದಲ್ಲಿ ಒಳ್ಳೆಯ ಕಾರಣವೇ ಇತ್ತು. ಅದನ್ನು ಮೊದಲು ನೋಡಬೇಕು.

ಕಾಯಿಲೆಯ ಹೆಸರು ಇಯೊಸಿನೊಫಿಲಿಕ್ ಈಸೊಫಜೈಟಿಸ್. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಜಠರದಲ್ಲಿ, ಕರುಳಿನಲ್ಲಿ ಸಹಜವಾಗಿಯೇ ಇರುತ್ತದೆ. ಆರೋಗ್ಯವಂತ ಅನ್ನನಾಳದ ಒಳಪದರದಲ್ಲಿ ಇರುವುದಿಲ್ಲ. ಅಲರ್ಜಿಯ ಪ್ರವೃತ್ತಿ ಇರುವ ಕೆಲವು ಮಕ್ಕಳಲ್ಲಿ ಯಾವುದೋ ಆಹಾರದ ಪ್ರೋಟೀನಿಗೆ ಕೆರಳಿ ಈ ಕಣಗಳು ಅಲ್ಲಿಗೆ ಬಂದು ಸೇರುತ್ತವೆ. ಎಂಡೋಸ್ಕೋಪಿಯಲ್ಲಿ ತೆಗೆದ ಚೂರನ್ನು ಸೂಕ್ಷ್ಮದರ್ಶಕದ ಹೆಚ್ಚಿನ ವರ್ಧನೆಯಲ್ಲಿಟ್ಟು ನೋಡಿದಾಗ ಒಂದು ಕ್ಷೇತ್ರದಲ್ಲಿ 15 ಅಥವಾ ಅದಕ್ಕಿಂತ ಹೆಚ್ಚು ಕಣಗಳು ಕಂಡರೆ, ಬೇರೆ ಕಾರಣಗಳನ್ನು ಬದಿಗಿಟ್ಟ ಮೇಲೆ, ಈ ರೋಗ ಎನ್ನುತ್ತಾರೆ. ಹಸುಗೂಸು ಹಾಲು ಕುಡಿಯದೆ ಹಟ ಮಾಡುತ್ತದೆ, ಪದೇ ಪದೇ ವಾಂತಿ ಮಾಡುತ್ತದೆ. ಸ್ವಲ್ಪ ದೊಡ್ಡ ಮಗು ಹೊಟ್ಟೆನೋವು ಎನ್ನುತ್ತದೆ. ಇನ್ನೂ ದೊಡ್ಡ ಮಕ್ಕಳಿಗೆ ತುತ್ತು ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಮಕ್ಕಳು ತಮ್ಮ ಪಾಡಿಗೆ ತಾವೇ ಉಪಾಯ ಕಂಡುಕೊಂಡಿರುತ್ತಾರೆ: ತುತ್ತಿಗೊಂದು ಗುಟುಕು ನೀರು, ಚಪಾತಿಯನ್ನು ಚೂರು ಚೂರು ಮಾಡಿ ಸಾರಿನಲ್ಲಿ ನೆನೆಸುವುದು, ಎಲ್ಲರೂ ಎದ್ದ ಮೇಲೂ ತಟ್ಟೆಯ ಮುಂದೆ ಕೂತಿರುವುದು. ಮನೆಯವರು ಇದನ್ನು ಸೋಮಾರಿತನ ಎಂದು ಬೈಯುತ್ತಾರೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಅನ್ನನಾಳದ ಗೋಡೆ ಗಡುಸಾಗಿ ನಾಳ ಕಿರಿದಾಗುತ್ತದೆ. ಚಿಕಿತ್ಸೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಇರುವುದು ಎಲ್ಲಿಂದ ಆರಂಭಿಸಬೇಕು ಎಂಬುದರಲ್ಲಿ.

1990ರ ದಶಕದ ಆರಂಭದವರೆಗೆ ಇಂಥ ಮಕ್ಕಳನ್ನು ಆಮ್ಲ ಮೇಲೆ ಬರುವ ತೊಂದರೆಯವರು ಎಂದೇ ತಿಳಿದು ಔಷಧ ಕೊಡುತ್ತಿದ್ದರು. ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಆಗಿತ್ತು. 1995ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಕೆವಿನ್ ಕೆಲಿ, ಹ್ಯೂ ಸ್ಯಾಂಪ್ಸನ್ ಮತ್ತು ಸಂಗಡಿಗರು ಅಂಥ ಹತ್ತು ಮಕ್ಕಳಿಗೆ ಮಾಮೂಲಿ ಊಟವನ್ನೆಲ್ಲ ನಿಲ್ಲಿಸಿ, ಪ್ರೋಟೀನಿನ ಬದಲು ಬಿಡಿ ಅಮೈನೋ ಆಮ್ಲಗಳಿಂದ ತಯಾರಿಸಿದ ದ್ರವಾಹಾರ ಕೊಟ್ಟರು. ಎಂಟು ಮಕ್ಕಳ ಲಕ್ಷಣಗಳು ಪೂರ್ತಿ ಹೋದವು, ಉಳಿದ ಇಬ್ಬರು ಸುಧಾರಿಸಿದರು. ಅದೊಂದು ದೊಡ್ಡ ತಿರುವು. ಕಾಯಿಲೆಯ ಮೂಲ ಆಮ್ಲವಲ್ಲ, ಆಹಾರ ಎಂದು ಅದು ತೋರಿಸಿಕೊಟ್ಟಿತು. ಮುಂದೆ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಇದೇ ದ್ರವಾಹಾರದಿಂದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಗುಣ ಕಂಡರು.

ತೊಂಬತ್ತು ಎಂಬ ಅಂಕಿ ಎದುರಿಗಿದ್ದಾಗ ಎಲ್ಲವನ್ನೂ ತೆಗೆಯುವುದೇ ಶ್ರೇಷ್ಠ ಎಂದು ಅನ್ನಿಸದಿರುವುದು ಕಷ್ಟ. ಆದರೆ ಆ ಅಂಕಿಯ ಹಿಂದಿನ ಬದುಕನ್ನು ನೋಡಿ. ಆ ದ್ರವದ ರುಚಿಗೆ ಮುಖ ಸಿಂಡರಿಸುವ ಮಕ್ಕಳೇ ಹೆಚ್ಚು. ಎಷ್ಟೋ ಮಕ್ಕಳಿಗೆ ಮೂಗಿನ ನಳಿಕೆಯ ಮೂಲಕ ಉಣಿಸಬೇಕಾಯಿತು. ಅಗಿಯುವುದನ್ನು, ನುಂಗುವುದನ್ನು, ಹೊಸ ರುಚಿಗೆ ಒಗ್ಗುವುದನ್ನು ಕಲಿಯಬೇಕಾದ ವಯಸ್ಸಿನಲ್ಲಿ ಊಟವೇ ಇಲ್ಲದ ತಿಂಗಳುಗಳು. ಆ ಯಶಸ್ಸು ಒಂದು ಕಾರಣವನ್ನು ಸಾಬೀತು ಮಾಡಿತ್ತು, ಅಷ್ಟೆ. ಪ್ರತಿ ಮಗುವಿಗೂ ಅಷ್ಟೆಲ್ಲ ತೆಗೆಯಬೇಕು ಎಂದು ಅದು ಹೇಳಿರಲಿಲ್ಲ. ಹಾಗೆಂದು ಓದಿಕೊಂಡವರು ನಾವು.

ಷಿಕಾಗೋದ ಅಮೀರ್ ಕಾಗಲ್ವಾಲಾ 2006ರಲ್ಲಿ ನಡುದಾರಿಯೊಂದನ್ನು ಮುಂದಿಟ್ಟರು. ಹಾಲು, ಸೋಯಾ, ಮೊಟ್ಟೆ, ಗೋಧಿ, ಕಡಲೆಕಾಯಿ ಮತ್ತು ಮರದ ಬೀಜಗಳು, ಮೀನು ಮತ್ತು ಸಿಗಡಿಯಂಥವು, ಹೀಗೆ ಆರು ಗುಂಪುಗಳನ್ನು ಮಾತ್ರ ಬಿಡಿಸಿ ಉಳಿದ ಊಟ ಮಾಮೂಲಾಗಿ ಕೊಡುವುದು. ದ್ರವಾಹಾರದ ಗುಂಪಿನಲ್ಲಿ 88%, ಆರು ಬಿಟ್ಟ ಗುಂಪಿನಲ್ಲಿ 74% ಮಕ್ಕಳಿಗೆ ಗುಣ ಕಂಡಿತು. ಊಟ ಉಳಿಸಿಕೊಂಡೂ ಇಷ್ಟು ಫಲ ಸಿಕ್ಕಿದ್ದು ದೊಡ್ಡ ಸಾಧನೆ. ಅಲ್ಲಿಂದ ಆರರ ಪಥ್ಯವೇ ಜಗತ್ತಿನಾದ್ಯಂತ ಕ್ರಮವಾಯಿತು.

ನನ್ನ ದೃಷ್ಟಿಯಲ್ಲಿ ಹೆಚ್ಚು ಮಹತ್ವದ ಕೆಲಸ ಅದರ ನಂತರದ್ದು. ಗುಣವಾದ ಮಕ್ಕಳಿಗೆ ಬಿಡಿಸಿದ್ದನ್ನು ಒಂದೊಂದಾಗಿ ಮರಳಿ ಕೊಟ್ಟು, ಪ್ರತಿ ಸಲವೂ ಬಯಾಪ್ಸಿ ನೋಡಿ, ನಿಜವಾದ ಕಾರಣ ಯಾವುದು ಎಂದು ಅದೇ ತಂಡ ಹುಡುಕಿತು. 2011ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹಾಲು 74%, ಗೋಧಿ 26%, ಮೊಟ್ಟೆ 17%, ಸೋಯಾ 10%, ಕಡಲೆಕಾಯಿ 6%. ಅಂದರೆ ಕಡಲೆಕಾಯಿ ಬಿಟ್ಟ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಅದನ್ನು ಸುಮ್ಮನೆ ಬಿಟ್ಟಿದ್ದರು. ಸೋಯಾ ಬಿಟ್ಟ ಹತ್ತರಲ್ಲಿ ಒಂಬತ್ತು ಮಕ್ಕಳೂ ಹಾಗೆಯೇ. ಗುಣದ ಬಹುಪಾಲು ಬಂದದ್ದು ಹಾಲು ಬಿಟ್ಟದ್ದರಿಂದ. ಉಳಿದ ಐದು ತಮ್ಮದಲ್ಲದ ಕೀರ್ತಿಯನ್ನು ಹಂಚಿಕೊಂಡಿದ್ದವು. ಮರು ವರ್ಷ ಅದೇ ತಂಡ ಹಾಲೊಂದನ್ನೇ ಬಿಡಿಸಿ ನೋಡಿದಾಗ 65% ಮಕ್ಕಳು ಗುಣ ಕಂಡರು. ಈ ಅಂಕಿಗಳು ಹನ್ನೆರಡು ವರ್ಷಕ್ಕೂ ಮಿಕ್ಕಿ ನಮ್ಮ ಕಣ್ಣೆದುರಿಗೇ ಇವೆ. ಆದರೂ ಆರರಿಂದಲೇ ಆರಂಭಿಸುವ ರೂಢಿ ಹೋಗಲಿಲ್ಲ.

ಅವು ಒಂದೇ ಆಸ್ಪತ್ರೆಯ ಅನುಭವಗಳು, ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗಗಳಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರ 2023ರಲ್ಲಿ ಬಂತು. ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ 129 ವಯಸ್ಕರನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದಕ್ಕೆ ಹಾಲು ಮಾತ್ರ, ಇನ್ನೊಂದಕ್ಕೆ ಆರನ್ನೂ ಆರು ವಾರ ಬಿಡಿಸಿದರು. ಹಾಲು ಮಾತ್ರ ಬಿಟ್ಟವರಲ್ಲಿ 34%, ಆರೂ ಬಿಟ್ಟವರಲ್ಲಿ 40% ಜನರ ಅನ್ನನಾಳ ಸುಧಾರಿಸಿತು. ಈ ವ್ಯತ್ಯಾಸ ಆಕಸ್ಮಿಕವಿರಬಹುದಾದಷ್ಟು ಸಣ್ಣದು. ಹಾಲು ಬಿಟ್ಟೂ ಗುಣ ಕಾಣದವರಿಗೆ ನಂತರ ಆರನ್ನೂ ಬಿಡಿಸಿದಾಗ ಅವರಲ್ಲಿ 43% ಮಂದಿ ಸುಧಾರಿಸಿದರು. ಮಕ್ಕಳಲ್ಲೂ ಇಂಥದೇ ಪ್ರಯೋಗ ನಡೆಯಿತು: 6ರಿಂದ 17 ವರ್ಷದ 63 ಮಕ್ಕಳು, ಒಂದು ಗುಂಪಿಗೆ ಹಾಲು ಮಾತ್ರ, ಇನ್ನೊಂದಕ್ಕೆ ಹಾಲು, ಗೋಧಿ, ಮೊಟ್ಟೆ, ಸೋಯಾ ನಾಲ್ಕೂ ವರ್ಜ್ಯ. ಬಯಾಪ್ಸಿಯಲ್ಲಿ ಮೊದಲನೆಯವರಲ್ಲಿ 44%, ಎರಡನೆಯವರಲ್ಲಿ 41% ಗುಣ. ನಾಲ್ಕು ಬಿಟ್ಟ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ ನಡುವೆಯೇ ಬಿಟ್ಟುಹೋದರು. ಹಾಲು ಮಾತ್ರ ಬಿಟ್ಟವರಲ್ಲಿ ಹತ್ತರಲ್ಲಿ ಒಬ್ಬರಷ್ಟು.

ನನ್ನ ವಾದಕ್ಕೆ ಎದುರಾಗುವ ಒಂದು ಸಂಗತಿಯೂ ಆ ಪ್ರಯೋಗದಲ್ಲಿದೆ. ನೋವು, ವಾಂತಿ, ನುಂಗುವ ಕಷ್ಟಗಳನ್ನು ಅಳೆದು ನೋಡಿದಾಗ ನಾಲ್ಕು ಬಿಟ್ಟವರಿಗೆ ಹೆಚ್ಚು ಆರಾಮ ಸಿಕ್ಕಿತ್ತು. ಅದನ್ನು ತಳ್ಳಿಹಾಕುವಂತಿಲ್ಲ. ತುಂಬ ನರಳುತ್ತಿರುವ, ತೂಕ ಏರದ ಮಗುವಿಗೆ ಮೊದಲೇ ದೊಡ್ಡ ಪಥ್ಯ, ಒಮ್ಮೊಮ್ಮೆ ದ್ರವಾಹಾರವೂ ಬೇಕಾಗಬಹುದು. ಹಾಲೊಂದನ್ನೇ ಬಿಟ್ಟು ಆ ಪ್ರಯೋಗದಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳು ಗುಣವಾಗಲಿಲ್ಲ ಎಂಬುದೂ ನಿಜ. ಆದರೆ ಅವರಿಗೆ ಮುಂದಿನ ಹೆಜ್ಜೆ ಇದೆ. ಸ್ಪೇನಿನ ವೈದ್ಯರು 2018ರಲ್ಲಿ ಎರಡು, ನಾಲ್ಕು, ಆರು ಎಂದು ಹಂತಹಂತವಾಗಿ ಏರಿಸುತ್ತಾ ಹೋದಾಗ 43%, 60%, 79% ರೋಗಿಗಳು ಸುಧಾರಿಸಿದ್ದನ್ನು ತೋರಿಸಿದ್ದಾರೆ. ಕೆಳಗಿನಿಂದ ಹತ್ತಿದರೂ ಕೊನೆಗೆ ತಲುಪುವುದು ಅಲ್ಲಿಗೇ. ಮೊದಲ ಮೆಟ್ಟಿಲಲ್ಲೇ ಗುಣ ಕಂಡ ಮಕ್ಕಳಿಗೆ ಮಿಕ್ಕದ್ದು ತಪ್ಪುತ್ತದೆ. ಮೇಲಿನಿಂದ ಇಳಿದರೆ ಬಿಡಿಸಿದ ಒಂದೊಂದನ್ನೂ ಮರಳಿ ಸೇರಿಸುವಾಗ ಒಂದೊಂದು ಎಂಡೋಸ್ಕೋಪಿ, ಪ್ರತಿ ಸಲವೂ ಮಗುವಿಗೆ ಅರಿವಳಿಕೆ. ಆ ದಾರಿ ದೀರ್ಘವಾಗಿರುವುದರಿಂದಲೇ ಎಷ್ಟೋ ಮನೆಗಳಲ್ಲಿ ಮರಳಿ ಸೇರಿಸುವ ಕೆಲಸ ನಡೆಯುವುದೇ ಇಲ್ಲ. ತಾತ್ಕಾಲಿಕ ಎಂದು ಹೇಳಿ ಬಿಡಿಸಿದ್ದು ಕಾಯಂ ಆಗಿಬಿಡುತ್ತದೆ.

ರಕ್ತ ಪರೀಕ್ಷೆ ಮಾಡಿಸಿ ಯಾವುದು ಆಗುವುದಿಲ್ಲವೋ ಅದನ್ನು ಮಾತ್ರ ಬಿಡಿಸಿದರೆ ಆಯಿತಲ್ಲ ಎಂದು ಕೇಳುವವರಿದ್ದಾರೆ. ಎರಡನೆಯ ತಪ್ಪು ನಂಬಿಕೆ ಇಲ್ಲಿದೆ, ಅದು ಮೊದಲನೆಯದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಕಡಲೆಕಾಯಿ ತಿಂದ ಕೂಡಲೇ ಮೈಯೆಲ್ಲ ಗಂಧೆ ಏಳುವ, ಉಸಿರು ಕಟ್ಟುವ ಅಲರ್ಜಿಗೆ ಐಜಿಇ ಎಂಬ ಪ್ರತಿಕಾಯ ಕಾರಣ. ಚರ್ಮದ ಚುಚ್ಚು ಪರೀಕ್ಷೆ, ರಕ್ತ ಪರೀಕ್ಷೆಗಳು ಹುಡುಕುವುದು ಅದನ್ನೇ. ಅನ್ನನಾಳದ ಈ ಉರಿಯೂತ ಮುಖ್ಯವಾಗಿ ಆ ದಾರಿಯಲ್ಲಿ ನಡೆಯುವುದಿಲ್ಲ. ಐಜಿಇಯನ್ನು ತಡೆಯುವ ಒಮಾಲಿಜುಮಾಬ್ ಎಂಬ ಔಷಧ ಇದರಲ್ಲಿ ಫಲ ಕೊಡಲಿಲ್ಲ. 2014ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ದ್ರವಾಹಾರ ಸುಮಾರು 91%, ಆರರ ಪಥ್ಯ 72%, ಪರೀಕ್ಷೆ ನೋಡಿ ಮಾಡಿದ ಪಥ್ಯ ಕೇವಲ 45% ಫಲ ಕೊಟ್ಟಿತ್ತು. ಅದರಲ್ಲೂ ಹಾಲಿನ ವಿಷಯದಲ್ಲಿ ಈ ಪರೀಕ್ಷೆಗಳು ತೀರ ದುರ್ಬಲ. ಹಾಲೇ ಕಾರಣವಾಗಿರುವ ಮಗುವಿನಲ್ಲೂ ಪರೀಕ್ಷೆ ಏನೂ ಇಲ್ಲ ಎನ್ನಬಹುದು.

ನಮ್ಮ ನಗರಗಳ ಲ್ಯಾಬುಗಳಲ್ಲಿ ಇದಕ್ಕಿಂತ ಕೆಟ್ಟದ್ದೊಂದು ಮಾರಾಟವಾಗುತ್ತಿದೆ: ಒಂದು ಹನಿ ರಕ್ತದಿಂದ ನೂರಾರು ಆಹಾರಗಳಿಗೆ ಐಜಿಜಿ ಎಂಬ ಇನ್ನೊಂದು ಪ್ರತಿಕಾಯವನ್ನು ಅಳೆದು ಕೆಂಪು, ಹಳದಿ, ಹಸಿರು ಬಣ್ಣದ ಪಟ್ಟಿ ಕೊಡುವ ಫುಡ್ ಇಂಟಾಲರೆನ್ಸ್ ಪರೀಕ್ಷೆ. ಐಜಿಜಿ ಇದೆ ಎಂದರೆ ಆ ಆಹಾರವನ್ನು ಮಗು ತಿಂದಿದೆ ಎಂದಷ್ಟೇ ಬಹುಮಟ್ಟಿಗೆ ಅರ್ಥ. ಅಮೆರಿಕ, ಯುರೋಪ್, ಕೆನಡಾದ ಅಲರ್ಜಿ ತಜ್ಞರ ಸಂಘಗಳು ಇದನ್ನು ಬಳಸಬೇಡಿ ಎಂದು ಸ್ಪಷ್ಟವಾಗಿ ಹೇಳಿವೆ. ಆ ಪಟ್ಟಿಯ ಕೆಂಪು ಸಾಲುಗಳನ್ನು ನಂಬಿ ಬೆಳೆಯುವ ಮಗುವಿನ ತಟ್ಟೆಯಿಂದ ಅಕ್ಕಿ, ತೊಗರಿಬೇಳೆಗಳನ್ನು ತೆಗೆಯುವುದು ನನಗೆ ಕ್ರೌರ್ಯವಾಗಿ ಕಾಣುತ್ತದೆ. ಗೊತ್ತಿಲ್ಲದೆ ಮಾಡಿದ್ದರೂ ಹಸಿವು ಮಗುವಿನದೇ.

ಕನ್ನಡದ ಮನೆಯಲ್ಲಿ ಹಾಲೊಂದನ್ನೇ ಬಿಡಿಸುವುದು ಕೂಡ ಸಣ್ಣ ಮಾತಲ್ಲ. ನಮ್ಮಲ್ಲಿ ಹಾಲೆಂದರೆ ಬೆಳಗಿನ ಲೋಟ, ಮಧ್ಯಾಹ್ನದ ಮೊಸರನ್ನ, ಮಜ್ಜಿಗೆಹುಳಿ, ಬಿಸಿ ಅನ್ನದ ಮೇಲಿನ ತುಪ್ಪ, ಹಬ್ಬದ ಪಾಯಸ, ದೇವಸ್ಥಾನದ ಪಂಚಾಮೃತ. 2013ರಿಂದ ಕ್ಷೀರಭಾಗ್ಯ ಯೋಜನೆಯಲ್ಲಿ ಸರ್ಕಾರಿ ಶಾಲೆಯಲ್ಲೂ ಹಾಲು ಕೊಡುತ್ತಾರೆ. ಬಿಸ್ಕತ್ತು, ಬ್ರೆಡ್ಡುಗಳಲ್ಲಿ ಹಾಲಿನ ಪುಡಿ ಅಡಗಿರುತ್ತದೆ. ನಾಟಿ ಹಸುವಿನ ಎ2 ಹಾಲು ಆಗಬಹುದು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಎ1, ಎ2 ಎನ್ನುವುದು ಬೀಟಾ ಕೇಸಿನ್ ಎಂಬ ಒಂದು ಪ್ರೋಟೀನಿನಲ್ಲಿ ಒಂದು ಅಮೈನೋ ಆಮ್ಲದ ವ್ಯತ್ಯಾಸ, ಅಷ್ಟೆ. ಉಳಿದ ಹಾಲೆಲ್ಲ ಅದೇ. ಎಮ್ಮೆ ಹಾಲು, ಮೇಕೆ ಹಾಲಿನ ಪ್ರೋಟೀನುಗಳೂ ಹಸುವಿನದನ್ನೇ ಹೋಲುತ್ತವೆ. ತುಪ್ಪದಲ್ಲೂ ಪ್ರೋಟೀನಿನ ಅಂಶ ಉಳಿದಿರಬಹುದು, ಆದ್ದರಿಂದ ಪ್ರಯೋಗದ ವಾರಗಳಲ್ಲಿ ಅದೂ ಬೇಡ.

ಸಸ್ಯಾಹಾರಿ ಮಗುವಿಗೆ ಬಿ12 ಸಿಗುವುದು ಹೆಚ್ಚುಕಡಿಮೆ ಹಾಲಿನಿಂದ ಮಾತ್ರ. ಅದನ್ನು ನಿಲ್ಲಿಸಿದ ದಿನವೇ ಬಿ12 ಹನಿ ಅಥವಾ ಮಾತ್ರೆಯ ಬಗ್ಗೆ ಮಾತಾಡದ ವೈದ್ಯರು ಅರ್ಧ ಚಿಕಿತ್ಸೆ ಮಾಡಿದಂತೆ. ಸುಣ್ಣದಂಶಕ್ಕೆ ನಮ್ಮಲ್ಲಿ ರಾಗಿ ಇದೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 550 ಮಿಲಿಗ್ರಾಂ ಬೇಕು ಎನ್ನುತ್ತದೆ ಐಸಿಎಂಆರ್. ಅಂದರೆ ರಾಗಿ ಅಂಬಲಿ, ಮುದ್ದೆ, ಎಳ್ಳು, ಸೊಪ್ಪು ಸೇರಿದರೆ ಹಾಲಿನ ಜಾಗ ಬಹುಮಟ್ಟಿಗೆ ತುಂಬಬಹುದು. ತುಂಬದಷ್ಟನ್ನು ಔಷಧವಾಗಿ ಕೊಡಬೇಕು. ಒಂದನ್ನು ಬಿಡಿಸಿದರೇ ಇಷ್ಟು ಲೆಕ್ಕ ಹಾಕಬೇಕು. ಆ ಮೇಲೆ ಗೋಧಿ, ಸೋಯಾ, ಕಡಲೆಕಾಯಿಯನ್ನೂ ಕಿತ್ತುಕೊಂಡರೆ ಆ ಮಗು ಏನು ತಿನ್ನಬೇಕು?

ಔಷಧಗಳಿರುವಾಗ ಪಥ್ಯದ ಗೋಜೇ ಬೇಡ ಎನ್ನುವವರೂ ಈಗ ಹೆಚ್ಚುತ್ತಿದ್ದಾರೆ. ಆಮ್ಲ ತಗ್ಗಿಸುವ ಮಾತ್ರೆಗಳಿಂದಲೇ ಅರ್ಧದಷ್ಟು ರೋಗಿಗಳು ಸುಧಾರಿಸುತ್ತಾರೆ. ನುಂಗಿಸುವ ಬ್ಯೂಡೆಸೊನೈಡ್ ಸ್ಟೀರಾಯ್ಡ್ ಇದೆ. ದುಪಿಲುಮಾಬ್ ಚುಚ್ಚುಮದ್ದಿಗೆ 2024ರ ಜನವರಿಯಲ್ಲಿ ಅಮೆರಿಕದಲ್ಲಿ ಒಂದು ವರ್ಷ ಮೇಲ್ಪಟ್ಟ, ಕನಿಷ್ಠ 15 ಕಿಲೋ ತೂಕದ ಮಕ್ಕಳಿಗೂ ಒಪ್ಪಿಗೆ ಸಿಕ್ಕಿದೆ. ಪಥ್ಯವನ್ನು ಔಷಧಕ್ಕಿಂತ ಪವಿತ್ರ ಎಂದು ನಾನು ಭಾವಿಸುವುದಿಲ್ಲ. ಹಾಲು ಬಿಟ್ಟರೂ ಗುಣವಾಗದ, ಇನ್ನೊಂದನ್ನು ಬಿಡಿಸಿದರೆ ಊಟದ ಮೇಲೇ ಮನಸ್ಸು ಮುರಿಯುವ ಮಗುವಿಗೆ ಔಷಧವೇ ಸರಿಯಾದ ದಾರಿ. ಪಥ್ಯದಿಂದ ಗುಣ ಕಂಡ ಮಗುವಿಗೆ ಮಾತ್ರ ಕಾರಣವೇ ಗೊತ್ತಾಗಿರುತ್ತದೆ. ಔಷಧ ಅದನ್ನು ಹೇಳುವುದಿಲ್ಲ. ಅದಕ್ಕಾಗಿ ಒಮ್ಮೆ ಹಾಲು ಬಿಡಿಸಿ ನೋಡುವ ಶ್ರಮ ಸಾರ್ಥಕ.

ನೋಡುವುದು ಎಂದರೆ ಬಯಾಪ್ಸಿಯಲ್ಲಿ. ಹೊಟ್ಟೆನೋವು ಹೋಯಿತು ಎಂದು ಪಥ್ಯ ಗೆದ್ದಿತು ಅನ್ನಬಾರದು. ನೋವಿಲ್ಲದೆಯೂ ಉರಿಯೂತ ಮುಂದುವರಿಯುತ್ತದೆ, ಉರಿಯೂತ ಆರಿದ ಮೇಲೂ ಹಳೆಯ ಭಯದಿಂದ ಮಗು ನುಂಗಲು ಹಿಂಜರಿಯುತ್ತದೆ. ಹಾಲು ನಿಲ್ಲಿಸುವ ದಿನವೇ ಎಂಟರಿಂದ ಹನ್ನೆರಡು ವಾರದೊಳಗಿನ ಎಂಡೋಸ್ಕೋಪಿಯ ತಾರೀಖು ಗೊತ್ತುಮಾಡಿಕೊಳ್ಳಬೇಕು, ಮಗುವಿನ ತೂಕ ಎತ್ತರ ಬರೆದಿಡಬೇಕು. ಆ ಬಯಾಪ್ಸಿಯಲ್ಲಿ ಇಯೊಸಿನೊಫಿಲ್‌ಗಳು ಹಾಗೆಯೇ ಇದ್ದರೆ, ಮುಂದಿನದನ್ನು ಬಿಡಿಸುವ ಮೊದಲು ಹಾಲನ್ನು ಮರಳಿ ಕೊಡಬಹುದೇ ಎಂದು ವೈದ್ಯರನ್ನು ಕೇಳಬೇಕು. ಬಹುಕಾಲ ಬಿಟ್ಟ ಆಹಾರವನ್ನು ಮತ್ತೆ ತಿಂದಾಗ, ಮೊದಲು ಇಲ್ಲದಿದ್ದ ತತ್‌ಕ್ಷಣದ ಅಲರ್ಜಿ ಕೆಲವು ಮಕ್ಕಳಲ್ಲಿ ಕಾಣಿಸಿಕೊಂಡ ವರದಿಗಳಿವೆ. ಆದ್ದರಿಂದ ಮರಳಿ ಕೊಡುವುದನ್ನೂ ಮನೆಯಲ್ಲೇ ತೀರ್ಮಾನಿಸದೆ ವೈದ್ಯರ ಕಣ್ಣಳತೆಯಲ್ಲಿ ಮಾಡಬೇಕು, ಮತ್ತು ಅದನ್ನು ವರ್ಷಗಟ್ಟಲೆ ಮುಂದೂಡಬಾರದು.