ಐವತ್ತರಲ್ಲಿ ಎರಡು: ದೆಹಲಿಯ ನೀರಿನ ಅಧ್ಯಯನದ ಒಂದು ವಿಮರ್ಶೆ

ಸಂಶೋಧನ ಪ್ರಬಂಧವೊಂದನ್ನು ಹೊಗಳುವುದು ಸುಲಭ, ತೆಗಳುವುದು ಇನ್ನೂ ಸುಲಭ. ಅದರ ಅಂಕಿಗಳನ್ನು ಸರಿಯಾಗಿ ಓದುವುದೇ ಕಷ್ಟ. ಟಿಮೊತಿ ವಾಲ್ಶ್ ಮತ್ತು ಸಂಗಡಿಗರು ದೆಹಲಿಯ ನೀರನ್ನು ಕುರಿತು 2011ರಲ್ಲಿ 'ಲ್ಯಾನ್ಸೆಟ್ ಇನ್‌ಫೆಕ್ಷಿಯಸ್ ಡಿಸೀಸಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಇದಕ್ಕೆ ಒಳ್ಳೆಯ ಉದಾಹರಣೆ.

ಮೊದಲು ಹಿನ್ನೆಲೆ. ಇತರ ಪ್ರತಿಜೈವಿಕಗಳು ಸೋತಾಗ ವೈದ್ಯರು ಮೊರೆಹೋಗುವ ಔಷಧಿಗಳಲ್ಲಿ ಕಾರ್ಬಪೆನೆಮ್‌ಗಳು ಮುಖ್ಯವಾದವು. ಅವನ್ನು ಒಡೆದುಹಾಕುವ ಕಿಣ್ವವೇ ಎನ್‌ಡಿಎಂ-1. ದೆಹಲಿಯಲ್ಲಿ ಆಸ್ಪತ್ರೆ ಸೇರಿ ಸ್ವೀಡನ್ನಿಗೆ ಮರಳಿದ್ದ ರೋಗಿಯೊಬ್ಬರಲ್ಲಿ ದೊರೆತ ಇದನ್ನು 2009ರಲ್ಲಿ ವರದಿ ಮಾಡಲಾಯಿತು. ಹೆಸರಿನ ಮೊದಲ ಎರಡು ಅಕ್ಷರಗಳು ನವದೆಹಲಿಯನ್ನು ಸೂಚಿಸುತ್ತವೆ. ಇದರ ಜೀನ್ ಸಾಮಾನ್ಯವಾಗಿ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಮೇಲಿರುವುದರಿಂದ ಒಂದು ಬ್ಯಾಕ್ಟೀರಿಯ ಪ್ರಭೇದದಿಂದ ಇನ್ನೊಂದಕ್ಕೆ ದಾಟಬಲ್ಲದು.

ವಾಲ್ಶ್ ತಂಡ 2010ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಧ್ಯ ದೆಹಲಿಯ ಸುತ್ತ 12 ಕಿಲೋಮೀಟರ್ ವ್ಯಾಪ್ತಿಯಲ್ಲಿ ಬೀದಿಗಳಲ್ಲಿ ನಿಂತ ನೀರಿನ 171 ಮಾದರಿಗಳನ್ನೂ ಸಾರ್ವಜನಿಕ ನಲ್ಲಿಗಳ 50 ಮಾದರಿಗಳನ್ನೂ ಸಂಗ್ರಹಿಸಿತು. ನಿಂತ ನೀರಿನ 51 ಮತ್ತು ನಲ್ಲಿ ನೀರಿನ 2 ಮಾದರಿಗಳಲ್ಲಿ ಈ ಜೀನ್ ಇತ್ತು. ಜೀನನ್ನು ಹೊತ್ತ ಜೀವಂತ ಬ್ಯಾಕ್ಟೀರಿಯಗಳು ಬೆಳೆದದ್ದು ಕ್ರಮವಾಗಿ 12 ಮತ್ತು 2 ಮಾದರಿಗಳಿಂದ. ಕಾಲರಾ ಮತ್ತು ಆಮಶಂಕೆಗೆ ಕಾರಣವಾಗುವ ರೋಗಾಣುಗಳೂ ಅವುಗಳಲ್ಲಿದ್ದವು.

ಪ್ರಬಂಧದ ದೊಡ್ಡ ಗುಣ ಎಂದರೆ ಅದು ಪ್ರಶ್ನೆಯನ್ನು ಆಸ್ಪತ್ರೆಯ ವಾರ್ಡಿನಿಂದ ಬೀದಿಗೆ ತಂದದ್ದು. ಜೀನ್ ಮತ್ತು ಜೀವಂತ ಬ್ಯಾಕ್ಟೀರಿಯಗಳನ್ನು ಬೇರೆಬೇರೆಯಾಗಿ ಎಣಿಸಿದ್ದೂ ಮೆಚ್ಚತಕ್ಕದ್ದು. ಸತ್ತ ಬ್ಯಾಕ್ಟೀರಿಯದ ಡಿಎನ್‌ಎ ಕೂಡ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಬಹುದು. ಸೋಂಕು ತಗಲಿಸುವುದು ಜೀವಂತವಾದದ್ದು ಮಾತ್ರ.

ಇನ್ನು ಕೊರತೆಗಳು. ಐವತ್ತರಲ್ಲಿ ಎರಡು ಎಂದರೆ ಶೇಕಡ 4. ಆದರೆ ಭೌತವಿಜ್ಞಾನದ ವಿದ್ಯಾರ್ಥಿ ಅಳತೆಯ ಜೊತೆಗೆ ದೋಷದ ವ್ಯಾಪ್ತಿಯನ್ನೂ ಕೇಳಬೇಕಲ್ಲವೆ? ಮಾದರಿಗಳು ಯಾದೃಚ್ಛಿಕವಾಗಿದ್ದವೆಂದು ಒಪ್ಪಿಕೊಂಡರೂ, ಶೇಕಡ 95ರ ವಿಶ್ವಾಸದಲ್ಲಿ ನಿಜವಾದ ಪ್ರಮಾಣ ಶೇಕಡ ಅರ್ಧದಿಂದ ಸುಮಾರು 14ರವರೆಗೆ ಎಲ್ಲಿಯಾದರೂ ಇರಬಹುದು. ಹೋಲಿಕೆಗೆಂದು ಆರಿಸಿಕೊಂಡದ್ದು ಕಾರ್ಡಿಫ್‌ನ ಶುದ್ಧೀಕರಣ ಘಟಕವೊಂದರ 70 ತ್ಯಾಜ್ಯನೀರಿನ ಮಾದರಿಗಳನ್ನು. ಅವುಗಳಲ್ಲಿ ಜೀನ್ ಇರಲಿಲ್ಲ. ಆದರೆ ನಲ್ಲಿ ನೀರನ್ನು ಇನ್ನೊಂದು ನಗರದ ನಲ್ಲಿ ನೀರಿನೊಡನೆ ಹೋಲಿಸುವುದು ಸರಿಯಾದ ಕ್ರಮ. ಅಲ್ಲದೆ ಇದು ಕೆಲವೇ ದಿನಗಳ ಚಿತ್ರ. ಋತುಮಾನದ ಏರಿಳಿತ ಇದರಲ್ಲಿ ಕಾಣದು.

ಈ ಕೊರತೆಗಳನ್ನು ಹಿಡಿದು ಪ್ರಬಂಧವನ್ನು ತಳ್ಳಿಹಾಕುವವರು ಒಂದು ಮಾತನ್ನು ಮರೆಯುತ್ತಾರೆ. ದೋಷದ ವ್ಯಾಪ್ತಿಯ ಕೆಳತುದಿಯೂ ಸೊನ್ನೆಯಲ್ಲ. ಎನ್‌ಡಿಎಂ ಹೆಸರಿನ ಬಗ್ಗೆ, ವೈದ್ಯಕೀಯ ಪ್ರವಾಸೋದ್ಯಮಕ್ಕೆ ಆಗುವ ಹಾನಿಯ ಬಗ್ಗೆ 2010ರಿಂದಲೇ ನಮ್ಮಲ್ಲಿ ಬಿಸಿಬಿಸಿ ಚರ್ಚೆ ನಡೆಯಿತು. ಹೆಸರಿನ ಆಕ್ಷೇಪದಲ್ಲಿ ನ್ಯಾಯವಿರಬಹುದು. ಆದರೆ ಹೆಸರು ಬದಲಾಯಿಸಿದರೆ ನೀರು ಶುದ್ಧವಾಗುವುದಿಲ್ಲ. ಅಳತೆಗೆ ಉತ್ತರ ಇನ್ನೂ ಉತ್ತಮವಾದ ಅಳತೆಯೇ.

ಬೀದಿಯ ನೀರಿಗೂ ನಲ್ಲಿಗೂ ಏನು ಸಂಬಂಧ? ಸರಬರಾಜು ನಿಂತಾಗ ಕೊಳವೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗಬಹುದು. ಆಗ ಬಿರುಕುಗಳ ಮೂಲಕ ಕೊಳಕು ನೀರು ಒಳನುಗ್ಗುತ್ತದೆ. ನೀರು ಮತ್ತೆ ಬಂದಾಗ ಅದೇ ಮೊದಲು ನಲ್ಲಿ ಸೇರುತ್ತದೆ. ಆಸ್ಪತ್ರೆಗೂ ಇಂಥದೇ ಕೊಳವೆಗಳಿಂದ ನೀರು ಬರುತ್ತಿದ್ದರೆ? ತೊಟ್ಟಿ ಮತ್ತು ಕೊಳವೆಗಳ ಒಳಗೋಡೆಯ ಲೋಳೆಪೊರೆಯಲ್ಲಿ ಬ್ಯಾಕ್ಟೀರಿಯಗಳು ನೆಲೆಯೂರಿದರೆ ಕ್ಲೋರಿನ್ ಅವನ್ನು ಸುಲಭವಾಗಿ ತಲಪಲಾರದು. ಆರೋಗ್ಯವಂತನ ದೇಹ ಸಹಿಸುವ ನೀರು ಶಸ್ತ್ರಚಿಕಿತ್ಸೆಯ ಗಾಯಕ್ಕೆ, ನವಜಾತ ಶಿಶುವಿಗೆ ಅಪಾಯಕಾರಿ. ಆಸ್ಪತ್ರೆಯೊಳಗಿನ ನಲ್ಲಿಗಳ ಸ್ಥಿತಿಯನ್ನು ಈ ಪ್ರಬಂಧ ಹೇಳುವುದಿಲ್ಲ. ಅದನ್ನು ಅಳೆಯಬೇಕಾದ ಅಗತ್ಯವನ್ನು ಮಾತ್ರ ಎತ್ತಿತೋರಿಸುತ್ತದೆ.

ಭಯಪಡಬೇಕಾಗಿಲ್ಲ. ಪ್ರತಿಜೈವಿಕಕ್ಕೆ ಬಗ್ಗದ ಬ್ಯಾಕ್ಟೀರಿಯವೂ ಚೆನ್ನಾಗಿ ಕುದಿಸಿದ ನೀರಿನಲ್ಲಿ ಸಾಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆನ್ನುತ್ತದೆ. ಅದು ಇದೆಯೇ ಎಂಬುದನ್ನು ನಿಮ್ಮ ಶಾಲೆಯ ಪ್ರಯೋಗಾಲಯದಲ್ಲೇ ಸರಳ ಕಿಟ್ಟಿನಿಂದ ನೋಡಬಹುದು.

ನೀರಿನ ಕುರಿತ ಗಾಬರಿಯ ಸುದ್ದಿ ಮುಂದೆ ಬಂದಾಗ ವಿದ್ಯಾರ್ಥಿಗಳಿಂದ ಮೂರು ಪ್ರಶ್ನೆ ಕೇಳಿಸಿ: ಮಾದರಿಗಳೆಷ್ಟು? ಹೋಲಿಕೆ ಯಾವುದರೊಡನೆ? ಸಿಕ್ಕಿದ್ದು ಜೀನೋ, ಜೀವಂತ ಬ್ಯಾಕ್ಟೀರಿಯವೋ? ಸುದ್ದಿಯನ್ನು ಅಲ್ಲಗಳೆಯುವವರಿಗೂ ಇದೇ ಪ್ರಶ್ನೆಗಳನ್ನು ಕೇಳಿಸಿ.