ಗಡಬಡಿ ಇಲ್ಲದವರ ದಂಡೆ

ನಮ್ಮ ಕಡೆಯವರಿಗೆ ಒಂದು ದಿನ ರಜೆ ಸಿಕ್ಕರೆ ಸಾಕು, ಅಂಬೋಲಿ ಘಾಟ ಇಳಿದು ಕಡಲು ನೋಡಬೇಕು. ಹೋಗಿ ಬರುವುದರಲ್ಲೇ ದಿನ ಕಳೆಯುತ್ತದೆ, ಉಸುಕಿನಲ್ಲಿ ಕೂತದ್ದು ಒಂದು ತಾಸು. ನನಗೆ ಈ ಲೆಕ್ಕ ಹೊಂದುವುದಿಲ್ಲ. ಕೃಷ್ಣೆಯನ್ನೇ ನೋಡಿ: ಅವಳು ಹುಟ್ಟುವ ಮಹಾಬಳೇಶ್ವರದಿಂದ ಅರಬ್ಬಿ ಸಮುದ್ರ ಸುಮಾರು 65 ಕಿ.ಮೀ. ಮಾತ್ರ. ಆದರೂ ಅತ್ತ ಬೆನ್ನು ಹಾಕಿ, 1,400 ಕಿ.ಮೀ. ನಡೆದು ಬಂಗಾಳ ಕೊಲ್ಲಿ ಸೇರುತ್ತಾಳೆ. ಆ ಸಾವಕಾಶದ ದಾರಿಯಲ್ಲೇ ನಮ್ಮ ಊರುಗಳಿವೆ. ನಮಗೆ ಹೊಳೆಯ ದಂಡೆಯೇ ಕಡಲ ದಂಡೆ.

ನಿಪ್ಪಾಣಿಯಿಂದ ಅಥಣಿಯವರೆಗೆ ಒಂದು ದಿನ ಹೊರಡುವುದಾದರೆ ದಸರೆ ಮುಗಿದ ಮೇಲೆ, ಶಿವರಾತ್ರಿಯೊಳಗೆ. ಮಳೆಗಾಲ ಬೇಡವೇ ಬೇಡ. ಇಲ್ಲಿ ಒಂದು ಹನಿ ಬೀಳದಿದ್ದರೂ ಘಟ್ಟದಲ್ಲಿ ಸುರಿದರೆ ಕಾರದಗಾ–ಭೋಜ, ಕಲ್ಲೋಳ–ಯಡೂರ ಸೇತುವೆಗಳು ನೀರೊಳಗೆ.

ಬೆಳಿಗ್ಗೆ ನಿಪ್ಪಾಣಿಯಲ್ಲಿ ಮಿಸಳ್ ತಿನ್ನಿ. ರಸ್ಸಾದ ಖಾರಕ್ಕೋ, ತಂಬಾಕಿನ ಗೋದಾಮುಗಳ ಘಾಟಿಗೋ, ಕಣ್ಣಲ್ಲಿ ನೀರಂತೂ ಬರುತ್ತದೆ. ತಂಬಾಕಿಗೆ ಸರಿಯಾದ ಬೆಲೆ ಕೇಳಿ ರೈತರು ಇಲ್ಲಿನ ಹೆದ್ದಾರಿಯಲ್ಲಿ ಕೂತದ್ದು 1981ರಲ್ಲಿ. ಏಪ್ರಿಲಿನಲ್ಲಿ ಗೋಲಿಬಾರ್ ಆಗಿ ಜೀವಗಳು ಹೋದವು. ಇವತ್ತು ಆ ರಸ್ತೆಯಲ್ಲಿ ಯಾರೂ ಗಾಡಿ ನಿಧಾನ ಮಾಡುವುದಿಲ್ಲ.

ನೆಟ್ಟನೆಯ ರಸ್ತೆ ಬಿಟ್ಟು ಭೋಜದ ಕಡೆ ಹೊರಳಬೇಕು. ವೇದಗಂಗೆ ದೂಧಗಂಗೆಯನ್ನು ಕೂಡುವುದು ಅಲ್ಲಿ. ಜೈನ ಮುನಿ ಶಾಂತಿಸಾಗರರ ಸೀಮೆಯೂ ಅದೇ. ಚಿಕ್ಕೋಡಿಯಲ್ಲಿ ಚಹಾ ಕುಡಿದರೆ ಸಾಕು. ಕಚೇರಿ ಕೆಲಸ ಇಲ್ಲದವನಿಗೆ ತಾಲ್ಲೂಕು ಊರಿನ ಚಹಾ ತುಸು ಹೆಚ್ಚೇ ರುಚಿ!

ಅಂಕಲಿಯಲ್ಲಿ ಕೃಷ್ಣೆ ದಾಟಿದರೆ ಮಾಂಜರಿ, ಆಮೇಲೆ ಯಡೂರು. ಇಲ್ಲಿಂದ ದಿನದ ಮುಖ್ಯ ಭಾಗ ಶುರು. ಯಡೂರಿನಲ್ಲಿ ಹೊಳೆದಂಡೆಯ ವೀರಭದ್ರ. ದಕ್ಷಯಜ್ಞ ನಡೆದದ್ದು ಇಲ್ಲೇ ಎಂಬುದು ಊರವರ ನಂಬಿಕೆ. ನಂದಿಯನ್ನೇರಿ ಬಂದ ದಾಕ್ಷಾಯಣಿ ಮರಳಿ ಹೋಗಲಿಲ್ಲ. ಸಿಟ್ಟಾದ ಶಿವ ಮಹಾರಾಷ್ಟ್ರದ ದಂಡೆಯ ಖಿದ್ರಾಪುರದಲ್ಲಿ ಕೋಪೇಶ್ವರನಾಗಿ ಕೂತ, ಅವನನ್ನು ಸಮಾಧಾನ ಮಾಡಲು ವಿಷ್ಣುವೇ ಲಿಂಗವಾಗಿ ಪಕ್ಕದಲ್ಲಿ ಕೂತ. ನಂದಿ ಮಾತ್ರ ಯಡೂರಿನಲ್ಲೇ ಉಳಿಯಿತು, ಅದಕ್ಕೇ ಕೋಪೇಶ್ವರನ ಗುಡಿಯ ಎದುರು ನಂದಿ ಇಲ್ಲ. ಕಥೆಯ ಮೊದಲರ್ಧ ಕರ್ನಾಟಕದಲ್ಲಿ, ಉಳಿದರ್ಧ ಮಹಾರಾಷ್ಟ್ರದಲ್ಲಿ. ಗಡಿ ತಂಟೆಯವರು ಇದನ್ನು ಹೇಗೆ ಹಂಚುತ್ತಾರೋ.

ನಾನು ಖಿದ್ರಾಪುರಕ್ಕೆ ಹೋದಾಗ ಕಾಗವಾಡ ತಾಲ್ಲೂಕಿನ ಜುಗೂಳದಿಂದ ದೋಣಿ ಹತ್ತಿದ್ದೆ. ಅಂಬಿಗ ಹುಟ್ಟು ಮುಟ್ಟಲೇ ಇಲ್ಲ.

“ಗಡಬಡಿ ಐತೇನ್ರಿ ಸಾಹೇಬ್ರ?”

“ಇಲ್ಲೋ ಮಾರಾಯಾ.”

“ಹಂಗಾರ ಕುಂದರ್ರಿ. ಇನ್ನ ನಾಕ್ ಮಂದಿ ಬರ್ಲಿ.”

ನಾಲ್ಕು ಮಂದಿ ಬರಲು ಮುಕ್ಕಾಲು ತಾಸಾಯಿತು. ಅಷ್ಟರಲ್ಲಿ ಎಮ್ಮೆಗಳು ನೀರಿಗಿಳಿದವು, ಒಬ್ಬಳು ಕೌದಿ ಒಗೆದು ಹಿಂಡಿ ಹರವಿದಳು, ಆಚೆ ದಂಡೆಯ ಕಬ್ಬಿನ ಮೇಲೆ ಬೆಳ್ಳಕ್ಕಿ ಎದ್ದು ಮತ್ತೆ ಅಲ್ಲೇ ಕೂತವು. ಗೋವಾದಲ್ಲಿ ಇಷ್ಟು ಹೊತ್ತು ನಾನು ನೀರು ನೋಡಿದ್ದಿಲ್ಲ.

ಕೋಪೇಶ್ವರ ಗುಡಿ ಶಿಲಾಹಾರರ ಕಾಲದ್ದು, 12ನೇ ಶತಮಾನದ್ದು. ಶಿಲ್ಪಗಳನ್ನು ಎಣಿಸುವವರು ಎಣಿಸಲಿ. ನೀವು ಮುಂದಿನ ಸ್ವರ್ಗಮಂಟಪದಲ್ಲಿ ನಿಲ್ಲಿ. 48 ಕಂಬ, ನಡುವೆ ಚಾವಣಿಯೇ ಇಲ್ಲದ ದುಂಡನೆಯ ಆಕಾಶ. ಮಟಮಟ ಮಧ್ಯಾಹ್ನ ಬಿಸಿಲಿನ ಚಕ್ರ ನೆಲದ ದುಂಡುಗಲ್ಲಿನ ಮೇಲೆ ಮೆಲ್ಲಗೆ ಸರಿಯುತ್ತದೆ. ಗುಡಿಯಲ್ಲಿರುವ ಹಳೆಯ ಶಾಸನಗಳಲ್ಲಿ ಕನ್ನಡದವೂ ಇವೆ. ಕಲ್ಲು ಕೆತ್ತಿದವನಿಗೆ ಈ ಹೊಳೆ ಗಡಿಯಾಗಿರಲಿಲ್ಲ.

ಮರಳಿ ಬಂದು ಕಾಗವಾಡ, ಶೇಡಬಾಳ, ಉಗಾರ. ಸಕ್ಕರೆ ಕಾರ್ಖಾನೆ ಕಬ್ಬು ನುರಿಸುವ ಕಾಲದಲ್ಲಿ ಉಗಾರದ ಗಾಳಿಗೇ ಕಾಕಂಬಿ ಹಚ್ಚಿದಂತಿರುತ್ತದೆ. ಅಲ್ಲಿಂದ ಹೊಳೆ ದಾಟಿದರೆ ಕುಡಚಿ, ರಾಯಬಾಗ. ನಾನು ದಾಟುವುದಿಲ್ಲ. ರಾಯಬಾಗದವರು ಸಿಟ್ಟಾಗಬಾರದು; ಚಿಂಚಲಿ ಮಾಯಕ್ಕನನ್ನು ಭಾರತ ಹುಣ್ಣಿಮೆಯ ಜಾತ್ರೆಯಲ್ಲೇ ನೋಡಬೇಕು, ಅದಕ್ಕೆ ಬೇರೆ ದಿನ, ಬೇರೆ ಅಂಕಣ ಬೇಕು.

ಅಥಣಿಗೆ ಬೇಕೆಂದೇ ಸಂಜೆ ಮುಟ್ಟುತ್ತೇನೆ. ದಿನವಿಡೀ ಅಡ್ಡಾಡಿ ಕಾಲು ತುಸು ಊದಿರುತ್ತದೆ, ಚಪ್ಪಲಿ ಅಳತೆಗೆ ಅದೇ ಸರಿಯಾದ ಹೊತ್ತು. ಹೆಸರು ಕೊಲ್ಹಾಪುರಿ, ಹೊಲಿಯುವ ಕೈ ಎಷ್ಟೋ ಸಲ ಅಥಣಿಯದು, ಮದಭಾವಿಯದು. 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಿ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಒಟ್ಟಾಗಿ ಸೇರಿದೆ. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಇದನ್ನೇ ಹೋಲುವ ಚಪ್ಪಲಿಯನ್ನು ಊರ ಹೆಸರೆತ್ತದೆ ಮಿಲಾನಿನ ವೇದಿಕೆ ಹತ್ತಿಸಿ ಬೈಸಿಕೊಂಡಿತು. ಕೊಳ್ಳುವಾಗ ಹೊಳಪಿಗೆ ಮರುಳಾಗಬೇಡಿ. ತೊಗಟೆಯಲ್ಲಿ ಹದ ಮಾಡಿದ ತೊಗಲಿಗೆ ಜೇನಿನ ಬಣ್ಣ, ಮಣ್ಣಿನ ವಾಸನೆ. ತಿರುಗಿಸಿ ಅಟ್ಟೆ ನೋಡಿ: ಮೊಳೆ ಇರಬಾರದು, ತೊಗಲಿನ ದಾರದ ಹೊಲಿಗೆಯೇ ಇರಬೇಕು.

ಮೊದಲ ವಾರ ಕಚ್ಚುತ್ತದೆ, ಎಣ್ಣೆ ಹಚ್ಚಿರಿ ಎಂದು ಅಂಗಡಿಯಾತ ಹೇಳಿದ. ಹಳೆಯ ಜೋಡು ಕೈಯಲ್ಲಿ ಹಿಡಿದು, ಹೊಸದನ್ನು ಮೆಟ್ಟಿ, ಬಸ್ ಸ್ಟ್ಯಾಂಡಿನವರೆಗೂ ಕರ್ ಕರ್ ಎನ್ನಿಸುತ್ತ ಹೋದೆ.