ಅತ್ತೂರಿನ ಸಂತ ಲಾರೆನ್ಸ್ ಉತ್ಸವ: ಒಂದು ವಿಮರ್ಶೆ

ಕನ್ನಡದಲ್ಲಿ ಜಾತ್ರೆ, ಉತ್ಸವಗಳನ್ನು ಕುರಿತ ಬರಹಗಳಿಗೆ ಕೊರತೆಯಿಲ್ಲ. ಆದರೆ ಕಥೋಲಿಕ ಕ್ರೈಸ್ತರ ಸಂತೋತ್ಸವಗಳ ವಿಷಯ ಬಂದಾಗ ವಿಮರ್ಶೆಯು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ನಿಂತುಬಿಡುತ್ತದೆ. ಅವು ನಮ್ಮ ಜಾತ್ರೆಗಳ ಅನುಕರಣವೆಂಬುದು ಒಂದು. ಸರ್ವಮತೀಯರೂ ಕೂಡುವುದರಿಂದ ಭಾವೈಕ್ಯದ ಕುರುಹುಗಳೆಂಬುದು ಇನ್ನೊಂದು. ಮೊದಲನೆಯ ಮಾತಿಗೆ ಉತ್ಸವದ ಅರ್ಥ ಕಾಣುವುದಿಲ್ಲ; ಎರಡನೆಯದಕ್ಕೆ ಅದರ ಚರಿತ್ರೆ ಕಾಣುವುದಿಲ್ಲ. ಉಡುಪಿ ಜಿಲ್ಲೆಯ ಕಾರ್ಕಳದ ಬಳಿ ಅತ್ತೂರಿನಲ್ಲಿ ಸಂತ ಲಾರೆನ್ಸನ ಹೆಸರಿನಲ್ಲಿ ನಡೆಯುವ ವಾರ್ಷಿಕೋತ್ಸವವನ್ನು ನಿದರ್ಶನವಾಗಿಟ್ಟುಕೊಂಡು ಇವೆರಡನ್ನೂ ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಲಬುರಗಿಯಲ್ಲಿ ಕುಳಿತು ಅಷ್ಟು ದೂರದ ಅತ್ತೂರನ್ನು ವಿಚಾರಿಸುವುದೇಕೆಂಬ ಪ್ರಶ್ನೆ ಸಹಜವಾದುದು. ಕಲಬುರಗಿಯ ಕಥೋಲಿಕ ಧರ್ಮಪ್ರಾಂತವು ಸ್ಥಾಪಿತವಾದುದು 2005ರಲ್ಲಿ. ಶತಮಾನಗಳಿಂದ ಬೆಳೆದ ಸಂತೋತ್ಸವವೊಂದರ ಉದಾಹರಣೆಗೆ ಕರಾವಳಿಯತ್ತ ನೋಡುವುದು ಯುಕ್ತ. ಆದರೆ ಅದನ್ನು ಅಳೆಯುವ ಮಾನದಂಡ ನಮ್ಮ ನಗರದಲ್ಲಿಯೇ ಇದೆ. ಕಮಲಾಪುರದಿಂದ ಓದಲು ಬರುವ ವಿದ್ಯಾರ್ಥಿಗೆ ಶರಣಬಸವೇಶ್ವರರ ಜಾತ್ರೆಯೂ ಗೊತ್ತು, ಖಾಜಾ ಬಂದೇನವಾಜರ ಉರುಸೂ ಗೊತ್ತು. ಒಂದರಲ್ಲಿ ರಥೋತ್ಸವ, ಪರುಷಬಟ್ಟಲಿನ ದರ್ಶನ. ಇನ್ನೊಂದರಲ್ಲಿ ಗಂಧದ ಮೆರವಣಿಗೆ. ಅತ್ತೂರಿನಲ್ಲಿ ಬಲಿಪೂಜೆ, ಹರಕೆಯ ಮೇಣದ ಬತ್ತಿ, ಪುಷ್ಕರಿಣಿಯ ನೀರು. ಅಂಗಡಿಸಾಲು, ಜನಜಂಗುಳಿ ಮೂರೆಡೆಯಲ್ಲಿಯೂ ಉಂಟು. ಅನುಕರಣವಾದಿಗಳು ಈ ಹೊರಗಣ ಸಾಮ್ಯವನ್ನೇ ಹಿಡಿದುಕೊಳ್ಳುತ್ತಾರೆ. ಜನರು ಬಹುಸಂಖ್ಯೆಯಲ್ಲಿ ಕೂಡುವಲ್ಲೆಲ್ಲ ಅಂಗಡಿ ಏಳುವುದು ಲೋಕರೂಢಿ. ಅದರಿಂದ ಏನೂ ಸಿದ್ಧವಾಗುವುದಿಲ್ಲ.

ನಿಜವಾದ ಸಾಮ್ಯ ಇದಕ್ಕಿಂತ ಆಳದಲ್ಲಿದೆ. 1822ರಲ್ಲಿ ಶರಣಬಸವೇಶ್ವರರು ತೀರಿಕೊಂಡುದನ್ನು ಭಕ್ತರು 'ಲಿಂಗೈಕ್ಯ'ವೆನ್ನುತ್ತಾರೆ. 1422ರಲ್ಲಿ ಬಂದೇನವಾಜರು ದೇಹ ಬಿಟ್ಟ ತಿಥಿಗೆ 'ಉರುಸು' ಎಂದು ಹೆಸರು. ಆ ಅರಬ್ಬೀ ಶಬ್ದದ ಮೂಲಾರ್ಥ ಮದುವೆ. ಲಾರೆನ್ಸನು ರೋಮಿನ ಧರ್ಮಸಭೆಯಲ್ಲಿ ಡೀಕನ್ ಎಂಬ ಸೇವಾಪದವಿಯಲ್ಲಿದ್ದು, 258ರಲ್ಲಿ ವಲೇರಿಯನ್ ಚಕ್ರವರ್ತಿಯ ಕಾಲದ ಹಿಂಸೆಯಲ್ಲಿ ಮಡಿದವನು. ಇಂತಹ ಹುತಾತ್ಮರು ಮಡಿದ ದಿನವನ್ನು ಪ್ರಾಚೀನ ಕ್ರೈಸ್ತರು ಅವರ 'ಜನ್ಮದಿನ'ವೆಂದು ಕರೆದರು. ಐಕ್ಯ, ಮದುವೆ, ಜನ್ಮ: ಮೂರು ಪರಂಪರೆಗಳೂ ಸಾವಿಗೆ ಮಂಗಳನಾಮವನ್ನಿಟ್ಟಿವೆ. ಇಲ್ಲಿ ಯಾರೂ ಯಾರಿಂದಲೂ ಎರವಲು ಪಡೆದಿಲ್ಲ. ಸಂತನ ಮರಣದಿನವು ಶೋಕದ ದಿನವಾಗದೆ ಉತ್ಸವದ ದಿನವಾದುದರ ರಹಸ್ಯವು ಈ ಹೆಸರುಗಳಲ್ಲಿದೆ.

ಹಾಗಾದರೆ ನಾಡಿನಿಂದ ಅತ್ತೂರು ಪಡೆದುದೇನು? ಮೊದಲನೆಯದಾಗಿ, ಕಾಲ. ಉರುಸು ಜಿಲ್ಕಾದ ತಿಂಗಳನ್ನು ಅನುಸರಿಸಿ ಋತುವಿನಿಂದ ಋತುವಿಗೆ ಸರಿಯುತ್ತದೆ. ಶರಣಬಸವೇಶ್ವರರ ಜಾತ್ರೆ ಹೋಳಿಯ ಬೆನ್ನಿಗೇ ಬರುತ್ತದೆ. ಕಥೋಲಿಕ ಪಂಚಾಂಗದಲ್ಲಿ ಲಾರೆನ್ಸನ ದಿನವು ಆಗಸ್ಟ್ 10. ಅತ್ತೂರಿನ ಮಹೋತ್ಸವ ಮಾತ್ರ ಜನವರಿಯಲ್ಲಿ. ಆಗಸ್ಟಿನಲ್ಲಿ ಕರಾವಳಿಯು ಮಳೆಯಲ್ಲಿ ಮುಳುಗಿರುತ್ತದೆ. ಜನವರಿಯಲ್ಲಿ ದಾರಿಗಳು ಒಣಗಿರುತ್ತವೆ. ಈ ಭೇದವನ್ನು ಗಮನಿಸಿದರೆ, ರೋಮಿನ ಸಂತನು ತುಳುನಾಡಿನ ಋತುಮಾನಕ್ಕೆ ಒಗ್ಗಿದನೆಂದು ಊಹಿಸಲು ಅವಕಾಶವಿದೆ.

ಎರಡನೆಯದಾಗಿ, ಸ್ಥಳಪುರಾಣ. ಅತ್ತೂರಿನ ಮೊದಲ ಇಗರ್ಜಿ ಕಟ್ಟಿದ್ದು 1759ರಲ್ಲಿ. 1784ರಲ್ಲಿ ಟಿಪ್ಪುಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು, ಇಗರ್ಜಿಗಳು ನಾಶವಾದವು. 1799ರ ಬಳಿಕ ಮರಳಿದವರು 1801ರಲ್ಲಿ ಹುಲ್ಲುಮಾಡಿನ ಇಗರ್ಜಿಯನ್ನು ಕಟ್ಟಿಕೊಂಡರು. ಐತಿಹ್ಯವು ಹೇಳುವಂತೆ, ಸಂತನ ಮರದ ಪುಟ್ಟ ವಿಗ್ರಹವನ್ನು ಹೊತ್ತು ನೆಲೆಯನ್ನರಸುತ್ತ ಹೊರಟವರು ಪರ್ಪಲೆ ಗುಡ್ಡದ ಬುಡದಲ್ಲಿ, ನೀರಿನ ಒರತೆಯ ಬಳಿ ಅದನ್ನು ಇಳಿಸಿದರು. ಮತ್ತೆ ಎತ್ತಲು ಬರಲಿಲ್ಲ. ಇಳಿಸಿದ ಮೂರ್ತಿ ಕದಲದೆ ನೆಲೆನಿಂತ ಕಥೆ ನಮ್ಮ ದೇವಾಲಯಗಳ ಸ್ಥಳಪುರಾಣಗಳಲ್ಲಿ ಹೇರಳವಾಗಿದೆ. ಆದುದರಿಂದ ಇದೂ ಅನುಕರಣವೆಂದು ತೀರ್ಮಾನಿಸಲು ವಿಮರ್ಶಕನು ಆತುರಪಡಬಹುದು. ಆದರೆ ಈ ಕಥೆಯನ್ನು ಕಾಪಾಡಿಕೊಂಡವರು ಯಾರೆಂಬುದನ್ನು ಯೋಚಿಸಬೇಕು. ನೆಲದಿಂದ ಕೀಳಲ್ಪಟ್ಟು, ಹದಿನೈದು ವರ್ಷಗಳ ಸೆರೆಯನ್ನು ಕಂಡು ಬಂದ ಜನರ ಬಾಯಲ್ಲಿ, ಇನ್ನು ಮುಂದಕ್ಕೆ ಬರಲೊಲ್ಲದ ವಿಗ್ರಹವೆಂದರೆ ಇನ್ನು ಕದಲಲೊಲ್ಲದ ಸಮುದಾಯವೇ. ಕಥೆಯ ಅಚ್ಚು ನಾಡಿನದು. ಅದರೊಳಗೆ ಎರೆದ ನೋವು ಅವರದು.

ಭಾವೈಕ್ಯದ ಮಾತಿನ ಕೊರತೆಯೂ ಇಲ್ಲಿಯೇ ಗೋಚರವಾಗುತ್ತದೆ. ಅತ್ತೂರಿಗೆ ಅನ್ಯಮತೀಯರು ಹರಕೆ ಹೊತ್ತು ಬರುವುದು ನಿಜ. ಅದು ಅಲ್ಪ ಸಂಗತಿಯೂ ಅಲ್ಲ. ಆದರೆ 1784ನ್ನು ಮರೆತು ಅದನ್ನು ಹೊಗಳಿದರೆ, ಆ ಸೌಹಾರ್ದ ಎಷ್ಟು ಬೆಲೆ ತೆತ್ತು ಬಂದುದೆಂಬುದು ಓದುಗನಿಗೆ ತಿಳಿಯುವುದಿಲ್ಲ. ಹಾಗೆಯೇ 1784ನ್ನಷ್ಟೇ ಹಿಡಿದು ದ್ವೇಷವನ್ನು ಬೆಳೆಸುವವರಿಗೆ ಈ ಉತ್ಸವದ ಸಾಕ್ಷ್ಯ ಒದಗುವುದಿಲ್ಲ. ಮರಳಿ ಬಂದವರು ಕಟ್ಟಿದ್ದು ಎಲ್ಲರಿಗೂ ಬಾಗಿಲು ತೆರೆದ ಕ್ಷೇತ್ರವನ್ನು. 2016ರಲ್ಲಿ ಬಸಿಲಿಕದ ಪದವಿ ದೊರೆತ ಮೇಲೆಯೂ ಜನರ ನಾಲಗೆಯಲ್ಲಿ ಅದು 'ಅತ್ತೂರು ಜಾತ್ರೆ'ಯಾಗಿಯೇ ಉಳಿದಿದೆ.

ಕೊನೆಯದಾಗಿ ಒಂದು ಮಾತು. ಧರ್ಮಸಭೆಯ ನಿಧಿಯನ್ನು ಒಪ್ಪಿಸೆಂದು ಅಧಿಕಾರಿಯು ಕೇಳಿದಾಗ ಲಾರೆನ್ಸನು ಬಡವರನ್ನು ಕರೆತಂದು ನಿಲ್ಲಿಸಿದನೆಂದು ನಾಲ್ಕನೆಯ ಶತಮಾನದ ಸಂತ ಆಂಬ್ರೋಸನು ಬರೆದಿದ್ದಾನೆ. ದಾಸೋಹದ ಶರಣಬಸವೇಶ್ವರರ ಊರಿನ ಓದುಗನಿಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ತೇರು, ದೀಪಗಳ ಹೋಲಿಕೆಯಲ್ಲಿ ನಿಲ್ಲದೆ ಸಂತನಿಂದ ಜನರು ಅಪೇಕ್ಷಿಸಿದ್ದೇನೆಂಬುದನ್ನು ಕೇಳತೊಡಗಿದಾಗ ನಮ್ಮ ಜಾನಪದ ವಿಮರ್ಶೆಗೆ ಪ್ರೌಢಿಮೆ ಬಂದೀತು. ಅದಕ್ಕೆ ಬೇಕಾದ ಸಾಮಗ್ರಿಯು ಕಲಬುರಗಿ, ಕಮಲಾಪುರಗಳ ವಿದ್ಯಾರ್ಥಿಗಳ ಕಣ್ಣೆದುರಿಗೇ ಇದೆ.